ಕಂಟೇನರ್ ಟೈಮ್ ಹಿಂದೆ ಬಿದ್ದರೆ ಕಂಟೇನರ್ ಮುಟ್ಟಬೇಡಿ

ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದ ಕೂಡಲೇ ಕಂಟೇನರ್ (ಆ್ಯಪ್ ಬೇರೆಯಾಗಿ ಓಡುವ ಪೆಟ್ಟಿಗೆ) ಒಳಗಿನ ಆ್ಯಪ್‌ನ ಲಾಗಿನ್ ಕೆಡುತ್ತದೆ. ಕೋಡ್ ಬದಲಾಗಿಲ್ಲ, ಪಾಸ್‌ವರ್ಡ್ ಸರಿ ಇದೆ. ಲಾಗ್‌ನಲ್ಲಿ ಮಾತ್ರ ಟೋಕನ್ (ಲಾಗಿನ್ ಆದವರ ಗುರುತಿನ ಚೀಟಿ) ಇನ್ನೂ ಚಾಲ್ತಿಗೆ ಬಂದಿಲ್ಲ ಅನ್ನುವಂಥ ಒಂದು ಸಾಲು. ಟೀಮಿನವರು ಇದನ್ನು ತಂದರೆ ನಾನು ಕೋಡ್ ನೋಡುವುದೇ ಇಲ್ಲ, ಮೊದಲು ಟೈಮ್ ಕೇಳುತ್ತೇನೆ.

ಹೋಸ್ಟ್‌ನಲ್ಲೊಂದು (ಅಂದರೆ ಲ್ಯಾಪ್‌ಟಾಪ್‌ನಲ್ಲೇ), ಕಂಟೇನರ್‌ನಲ್ಲೊಂದು ಟರ್ಮಿನಲ್ ತೆರೆಯಿರಿ. ಎರಡರಲ್ಲೂ ಡೇಟ್ ಕಮ್ಯಾಂಡ್ ಕೊಟ್ಟು ಯುಟಿಸಿ (ಎಲ್ಲ ಕಡೆ ಒಂದೇ ಆದ ಜಾಗತಿಕ) ಟೈಮ್ ನೋಡಿ. ಹೆಚ್ಚಿನ ಇಮೇಜ್‌ಗಳು (ಕಂಟೇನರ್ ಹುಟ್ಟುವ ಅಚ್ಚುಗಳು) ಯುಟಿಸಿಯಲ್ಲೇ ಇರುತ್ತವೆ. ಸ್ಥಳೀಯ ಟೈಮ್ ಜೊತೆ ಹೋಲಿಸಿದರೆ ಗಂಟೆಗಟ್ಟಲೆ ವ್ಯತ್ಯಾಸ ಕಂಡು ಸುಮ್ನೆ ಗಾಬರಿ ಆಗುತ್ತದೆ. ಅದು ಟೈಮ್ ಝೋನ್, ಡ್ರಿಫ್ಟ್ (ಗಡಿಯಾರ ದಾರಿ ತಪ್ಪುವುದು) ಅಲ್ಲ. ಒಂದೆರಡು ಸೆಕೆಂಡ್ ಅಂತರ ನಿಮ್ಮ ಕೈ ತಡವಾದದ್ದು, ಬಿಡಿ.

ಅಂತರ ನಿಜವೇ ಆದರೆ ಒಂದು ವಿಷಯ ನೆನಪಿಡಿ: ಕಂಟೇನರ್‌ಗೆ ತನ್ನದೇ ಗಡಿಯಾರ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಅದು ಹೆಚ್ಚಾಗಿ ಒಂದು ವಿಎಂ (ವರ್ಚುವಲ್ ಮಷೀನ್, ಕಂಪ್ಯೂಟರ್ ಒಳಗಿನ ಕಂಪ್ಯೂಟರ್) ಒಳಗೆ ಓಡುತ್ತದೆ, ತೋರಿಸುವುದು ಆ ವಿಎಂನ ಕರ್ನಲ್ (ಲಿನಕ್ಸ್‌ನ ತಿರುಳು) ಟೈಮ್. 2020ರಲ್ಲಿ ಲಿನಕ್ಸ್ 5.6ಕ್ಕೆ ಕಂಟೇನರ್‌ಗೆ ಬೇರೆ ಟೈಮ್ ತೋರಿಸಬಲ್ಲ ಟೈಮ್ ನೇಮ್‌ಸ್ಪೇಸ್ ಬಂತು ನಿಜ. ಆದರೆ ಅದು ಎಷ್ಟು ಹೊತ್ತಾಯಿತು ಎಂದಷ್ಟೇ ಎಣಿಸುವ ಮೊನೊಟೋನಿಕ್ ಮತ್ತು ಬೂಟ್‌ಟೈಮ್ ಗಡಿಯಾರಗಳಿಗೆ ಮಾತ್ರ, ತಾರೀಖು ಹೇಳುವ ರಿಯಲ್‌ಟೈಮ್‌ಗೆ ಅಲ್ಲ. ಹೋಸ್ಟ್ ಮಲಗಿದಾಗ ವಿಎಂ ನಿಂತುಬಿಡುತ್ತದೆ. ಎದ್ದ ಮೇಲೆ ಯಾರೂ ಸರಿ ಮಾಡದಿದ್ದರೆ ನಿಂತಲ್ಲಿಂದಲೇ ಎಣಿಕೆ ಮುಂದುವರಿಸುತ್ತದೆ.

ಹಾಗಾಗಿ ಕಂಟೇನರ್ ಒಳಗೆ ಎನ್‌ಟಿಪಿ ಡೀಮನ್ (ನೆಟ್‌ವರ್ಕ್‌ನಿಂದ ಟೈಮ್ ತಂದು ಸರಿಪಡಿಸುವ ಹಿನ್ನೆಲೆ ಪ್ರೋಗ್ರಾಂ) ಹಾಕಬೇಡಿ. ಟೈಮ್ ಬದಲಿಸಲು ಅನುಮತಿ ಇಲ್ಲ ಅನ್ನುತ್ತದೆ. ಹಟ ಹಿಡಿದು ಸಿಸ್ ಟೈಮ್ ಕೇಪಬಿಲಿಟಿ (ಟೈಮ್ ಬದಲಿಸುವ ಅಧಿಕಾರ) ಕೊಟ್ಟರೆ ಆ ವಿಎಂನಲ್ಲಿರುವ ಎಲ್ಲ ಕಂಟೇನರ್‌ಗಳ ಟೈಮೂ ಬದಲಾಗುತ್ತದೆ. ಐದು ಕಂಟೇನರ್‌ನಲ್ಲಿ ಐದು ಡೀಮನ್ ಇದ್ದರೆ ಒಂದೇ ಗಡಿಯಾರದ ಮುಳ್ಳನ್ನು ಐವರು ಎಳೆದಾಡಿದಂತೆ.

ತಕ್ಷಣಕ್ಕೆ ಕೆಲಸ ಸಾಗಬೇಕಾ? ಡಾಕರ್ ಡೆಸ್ಕ್‌ಟಾಪ್ ಆದರೆ ಪ್ರಿವಿಲೆಜ್ಡ್ (ಪೂರ್ತಿ ಅಧಿಕಾರದ) ಆಲ್ಪೈನ್ (ಪುಟ್ಟ ಲಿನಕ್ಸ್) ಕಂಟೇನರ್ ಒಂದನ್ನು ಓಡಿಸಿ, ಒಳಗೆ ಹೆಚ್‌ಡಬ್ಲ್ಯೂ ಕ್ಲಾಕ್ ಕಮ್ಯಾಂಡ್‌ಗೆ ಎಸ್ ಆಪ್ಷನ್ ಕೊಡಿ. ಹಾರ್ಡ್‌ವೇರ್ ಗಡಿಯಾರದ ಟೈಮ್ ಕರ್ನಲ್‌ಗೆ ಬರುತ್ತದೆ. ಅದಕ್ಕೂ ಮೊದಲು ಆರ್ ಆಪ್ಷನ್ ಕೊಟ್ಟು ಹಾರ್ಡ್‌ವೇರ್ ಟೈಮ್ ಸರಿ ಇದೆಯಾ ಅಂತ ಓದಿಕೊಳ್ಳಿ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್ಎಲ್ 2ರಲ್ಲಿ ಇದೇ ಕಮ್ಯಾಂಡ್ ಸುಡೊ ಜೊತೆ ನಡೆಯುತ್ತದೆ. ಅದಕ್ಕೂ ಬಗ್ಗದಿದ್ದರೆ ಡಬ್ಲ್ಯೂಎಸ್ಎಲ್ ಅನ್ನೇ ಪೂರ್ತಿ ಶಟ್‌ಡೌನ್ ಮಾಡಿ ಎಬ್ಬಿಸಿ.

ವಿಎಂ ನಿಮ್ಮದೇ ಆಗಿದ್ದರೆ ಅದರೊಳಗೆ ಕ್ರೋನಿ (ಒಂದು ಎನ್‌ಟಿಪಿ ಡೀಮನ್) ಹಾಕಿ. ಹಾಕಿದ್ದರೂ ಸರಿಯಾಗಲ್ಲ ಅನ್ನುವವರು ಜಾಸ್ತಿ, ಮತ್ತು ಕಾರಣ ಹೆಚ್ಚಾಗಿ ಕಾನ್ಫಿಗ್ ಫೈಲ್‌ನ ಮೇಕ್‌ಸ್ಟೆಪ್ ಸಾಲು. ಅಲ್ಲಿ ಸಾಮಾನ್ಯವಾಗಿ 1 ಮತ್ತು 3 ಎಂದಿರುತ್ತದೆ. ಅಂದರೆ ಅಂತರ 1 ಸೆಕೆಂಡ್ ದಾಟಿದರೆ ಒಮ್ಮೆಲೇ ಹಾರು, ಆದರೆ ಶುರುವಿನ 3 ಅಪ್‌ಡೇಟ್‌ಗಳಲ್ಲಿ ಮಾತ್ರ. ಆಮೇಲೆ ಕ್ರೋನಿ ಮೆಲ್ಲಗೆ ತಳ್ಳುತ್ತಾ ಹೋಗುತ್ತದೆ. ಲಿನಕ್ಸ್‌ನಲ್ಲಿ ಅದರ ಡಿಫಾಲ್ಟ್ ವೇಗದ ಮಿತಿಯಲ್ಲಿ 1 ಸೆಕೆಂಡ್ ಸರಿಪಡಿಸಲು 12 ಸೆಕೆಂಡ್ ಬೇಕು. 1 ಗಂಟೆ ಹಿಂದೆ ಬಿದ್ದಿದ್ದರೆ 12 ಗಂಟೆ! ಆ 3 ಅನ್ನು ಮೈನಸ್ 1 ಮಾಡಿ, ಆಗ ಯಾವಾಗ ಬೇಕಾದರೂ ಹಾರುತ್ತದೆ. ಡೆವಲಪ್‌ಮೆಂಟ್ ವಿಎಂಗೆ ಇದು ಸಾಕು. ಡೇಟಾಬೇಸ್ ಓಡುವ ಸರ್ವರ್‌ನಲ್ಲಿ ನಾನು ಹೀಗೆ ಮಾಡಲ್ಲ, ಟೈಮ್ ಹಿಂದಕ್ಕೆ ಹಾರಿದರೆ ರಗಳೆ.

ವಿಎಂ ಓಡುವುದು ಲಿನಕ್ಸ್‌ನ ಕೆವಿಎಂ ಮೇಲೆ ಆದರೆ ಪಿಟಿಪಿ ಕೆವಿಎಂ ಮಾಡ್ಯೂಲ್ ಲೋಡ್ ಮಾಡಿ, ಅದರ ಪಿಟಿಪಿ ಡಿವೈಸನ್ನೇ (ಹೋಸ್ಟ್ ಗಡಿಯಾರ ತೋರಿಸುವ ಸಾಧನ) ಕ್ರೋನಿಗೆ ರೆಫರೆನ್ಸ್ ಆಗಿ ಕೊಡಬಹುದು. ನೆಟ್‌ವರ್ಕ್ ಇಲ್ಲದೆಯೂ ಹೋಸ್ಟ್‌ನಿಂದ ಟೈಮ್ ಸಿಗುತ್ತದೆ. ಹೋಸ್ಟ್ ಟೈಮ್ ಮಾತ್ರ ಸರಿ ಇರಬೇಕು, ಅಲ್ವಾ? ಹೈಪರ್‌ವೈಸರ್‌ನ (ವಿಎಂ ಓಡಿಸುವ ಸಾಫ್ಟ್‌ವೇರ್‌ನ) ಟೈಮ್ ಸಿಂಕ್ ಕೂಡ ಆನ್ ಇದ್ದರೆ, ಅದು ಇಲ್ಲವೇ ಕ್ರೋನಿ, ಒಂದನ್ನು ಆರಿಸಿಕೊಳ್ಳಿ.

ಗಡಿಯಾರ ಸರಿಯಾದ ಮೇಲೆ ಬಿಲ್ಡ್ ಕಡೆಗೂ ಒಮ್ಮೆ ನೋಡಿ. ಹೋಸ್ಟ್‌ನಿಂದ ಮೌಂಟ್ ಮಾಡಿದ ಫೈಲ್‌ಗಳ ಟೈಮ್ ವಿಎಂಗಿಂತ ಮುಂದಿದ್ದರೆ ಬಿಲ್ಡ್ ಮಾಡುವ ಮೇಕ್ ಕಮ್ಯಾಂಡ್ 'ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್' ಅಂತ ಕಿರುಚುತ್ತದೆ, ಎಲ್ಲವನ್ನೂ ಮತ್ತೆ ಮತ್ತೆ ಕಂಪೈಲ್ ಮಾಡುತ್ತದೆ. ವಿಎಂ ಟೈಮ್ ಮುಂದೆ ಓಡಿದ್ದರೆ ಇನ್ನೂ ಕೆಟ್ಟದ್ದು: ನೀವು ಬದಲಾಯಿಸಿದ ಫೈಲನ್ನೂ ಹಳೆಯದು ಎಂದುಕೊಂಡು ಬಿಟ್ಟುಬಿಡುತ್ತದೆ, ಚಕಾರ ಎತ್ತದೆ. ಒಂದು ಸಲ ಕ್ಲೀನ್ ಬಿಲ್ಡ್ ಮಾಡಿಯೇ ಮುಂದೆ ಹೋಗಿ.