ಹರಿದು ಬಿಸಾಡಬೇಡಿ, ಅದೇ ನಿಮ್ಮ ಪೋರ್ಟ್‌ಫೋಲಿಯೊ

ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಪೋರ್ಟ್‌ಫೋಲಿಯೊ ಶಿಬಿರದ ಕಸದ ಬುಟ್ಟಿಯನ್ನು ನಾನೇ ಕೆದಕುತ್ತೇನೆ. (ಪೋರ್ಟ್‌ಫೋಲಿಯೊ ಅಂದರೆ ಡಿಸೈನ್, ಕಲಾ ಕಾಲೇಜುಗಳಿಗೆ ಅರ್ಜಿ ಹಾಕುವಾಗ ತೋರಿಸುವ, ನಿಮ್ಮದೇ ಕೆಲಸದ ಫೈಲು.) ಮುದುಡಿದ ಹಾಳೆ, ಸೊಟ್ಟಗಾದ ರಟ್ಟಿನ ಮಾದರಿ, ಕಾಫಿ ಚೆಲ್ಲಿದ ಸ್ಕೆಚ್ಚು. ಎಲ್ಲವನ್ನೂ ತೆಗೆದು, ಕೈಯಲ್ಲಿ ನೀವಿ, ಎಸೆದವರ ಮುಂದೆಯೇ ಇಡುತ್ತೇನೆ. ‘ಸರ್, ಅದು ವೇಸ್ಟು’ ಅಂತಾರೆ. ಹಾಗಾದರೆ ಫೈಲಿನಲ್ಲಿ ಜೋಪಾನ ಮಾಡಿರುವುದೇನು? ಸಿನಿಮಾ ನಟನ ಪೆನ್ಸಿಲ್ ಮುಖ. ಫೋನ್ ನೋಡಿ ಬಿಡಿಸಿದ ನವಿಲು. ಒಂದು ಮಂಡಲ. ಪಕ್ಕದವನ ಫೈಲಿನಲ್ಲೂ ಅದೇ ನಟ, ಅದೇ ನವಿಲು.

ಮೈಸೂರಿನಲ್ಲಿ ಬೇಸಿಗೆ ರಜೆಗೆ ಆರು ವಾರದ ಒಂದು ಚಿಕ್ಕ ಶಿಬಿರ ನಡೆಸುತ್ತೇವೆ. ಹದಿನೈದು ಮಕ್ಕಳು, ಒಬ್ಬರಿಗೆ ಒಂದೇ ಪ್ರಾಜೆಕ್ಟು. ಶಿಬಿರಕ್ಕೆ ಸೇರದೆ ಮನೆಯಲ್ಲೇ ಮಾಡುವವರಿಗೂ ಕ್ರಮ ಇದೇ. ಒಂದು ಮಾತು: ಇದು ಹದಿನಾರು ದಾಟಿದವರ ಕೆಲಸ. ಚಿಕ್ಕ ಮಕ್ಕಳನ್ನು ರಂಗಾಯಣದ ಚಿಣ್ಣರ ಮೇಳಕ್ಕೆ ಕಳಿಸಿ. ಹಾಡಿ, ಕುಣಿದು, ನಾಟಕ ಆಡಿಕೊಂಡು ಬರಲಿ. ಅವರ ಹತ್ತಿರ ಪೋರ್ಟ್‌ಫೋಲಿಯೊ ಮಾತೇ ಎತ್ತಬೇಡಿ.

ಶುರುವಿಗೆ ಮುಂಚೆ

ನಿಮಗೆ ಪೋರ್ಟ್‌ಫೋಲಿಯೊ ಬೇಕೇ ಬೇಕಾ ಅಂತ ನೋಡಿಕೊಳ್ಳಿ. ಐಐಟಿಗಳ ಬಿ.ಡಿಸೈನ್ (ಡಿಸೈನ್ ಪದವಿ) ಸೀಟು ಯೂಸೀಡ್ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ ಸಿಗುತ್ತದೆ, ಅಲ್ಲಿ ನಿಮ್ಮ ಫೈಲನ್ನು ಯಾರೂ ಕೇಳುವುದಿಲ್ಲ. ಸೀಡ್ ಪರೀಕ್ಷೆ ಬರೆದು ಎಂ.ಡಿಸೈನ್ (ಸ್ನಾತಕೋತ್ತರ ಪದವಿ) ಸಂದರ್ಶನಕ್ಕೆ ಹೋಗುವವರನ್ನು ಕೇಳುತ್ತಾರೆ. ಹಲವು ಖಾಸಗಿ ಡಿಸೈನ್ ಕಾಲೇಜುಗಳಲ್ಲೂ, ಹೊರದೇಶದ ಕಲಾಶಾಲೆಗಳಲ್ಲೂ ಕೇಳುತ್ತಾರೆ. ಅಮೆರಿಕದ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್ ಕೇಳುವುದು 12ರಿಂದ 20 ಚಿತ್ರ, ಅಷ್ಟೇ. ನಮ್ಮವರು ಎಂಬತ್ತು ಪುಟ ಹೊತ್ತುಕೊಂಡು ಓಡಾಡುತ್ತಾರೆ. (ಹೈಸ್ಕೂಲ್ ಮಕ್ಕಳಿಗೆ ಅದೇ ಶಾಲೆ ಬೇಸಿಗೆಯಲ್ಲಿ ಆರು ವಾರದ ತರಗತಿ ನಡೆಸುತ್ತದೆ. ನಮ್ಮ ಆರು ವಾರದ ಲೆಕ್ಕವನ್ನು ಕದ್ದದ್ದು ಅಲ್ಲಿಂದಲೇ. ಫೀಸು ಮಾತ್ರ ಕದಿಯಲಿಲ್ಲ.)

ಪಿಯು ಓದುವವರಿಗೆ ಮೊದಲ ವರ್ಷ ಮುಗಿದ ಬೇಸಿಗೆಯೇ ಸರಿ. ಎರಡನೇ ವರ್ಷದ ಬೇಸಿಗೆಯಲ್ಲಿ ಸಿಇಟಿ, ಕೌನ್ಸೆಲಿಂಗ್ ಅಂತ ತಲೆ ಬೇರೆಲ್ಲೋ ಇರುತ್ತದೆ.

ಹೆಜ್ಜೆ 1: ಸಾಮಾನು

ಗೆರೆಯಿಲ್ಲದ ಎ4 ಸ್ಕೆಚ್‌ಬುಕ್ ಒಂದು, 2ಬಿ ಮತ್ತು 4ಬಿ ಪೆನ್ಸಿಲು, ಕಪ್ಪು ಪೆನ್ನು, ಕಟ್ಟರ್, ಸ್ಟೀಲ್ ಸ್ಕೇಲು, ಫೆವಿಕಾಲ್, ಅಂಗಡಿಯವರು ಎಸೆಯುವ ರಟ್ಟಿನ ಡಬ್ಬಗಳು. ಮುಗಿಯಿತು. 48 ಬಣ್ಣದ ಮಾರ್ಕರ್ ಸೆಟ್ಟಿಗೆ ದುಡ್ಡು ಹಾಕಬೇಡಿ. ಪ್ಲಾಸ್ಟಿಕ್ ಜೇಬುಗಳಿರುವ ಆ ಕಪ್ಪು ದೊಡ್ಡ ಫೋಲ್ಡರ್ ಇದೆಯಲ್ಲ, ಅದನ್ನಂತೂ ಮುಟ್ಟಲೇಬೇಡಿ. ನಾನು ಒಮ್ಮೆ ಕೊಂಡಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಇದ್ದಿಲಿನ ಚಿತ್ರಗಳೆಲ್ಲ ಪ್ಲಾಸ್ಟಿಕ್ಕಿಗೆ ಅಂಟಿ, ಅರ್ಧ ಅಲ್ಲಿ ಅರ್ಧ ಇಲ್ಲಿ ಆಗಿತ್ತು.

ಹೆಜ್ಜೆ 2: ವಿಷಯ

ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿರಬೇಕು. ಇದು ನನ್ನ ನಿಯಮ, ಇದರಲ್ಲಿ ಚೌಕಾಸಿ ಇಲ್ಲ. ‘ಜಾಗತಿಕ ತಾಪಮಾನ’ ಅಂತ ಬರುವ ಹುಡುಗನನ್ನು ವಾಪಸ್ ಕಳಿಸುತ್ತೇನೆ. ಬಸ್ ಸ್ಟಾಂಡಿನ ಬೆಂಚಿನ ಮೇಲೆ ಮಧ್ಯಾಹ್ನ ಯಾಕೆ ಯಾರೂ ಕೂರುವುದಿಲ್ಲ ಅಂತ ಕೇಳುವವಳು ಒಳಗೆ ಬರಲಿ. ಒಂದು ಕೋಚಿಂಗ್ ಕೇಂದ್ರದಿಂದ ಬಂದ ಏಳು ಮಕ್ಕಳ ಫೈಲನ್ನು ಒಂದೇ ದಿನ ನೋಡಿದ್ದೇನೆ. ಏಳರಲ್ಲೂ ತೆಂಗಿನ ಚಿಪ್ಪಿನ ದೀಪ! ಸಂದರ್ಶನ ಮಾಡುವವರಿಗೆ ಕಣ್ಣಿಲ್ಲ ಅಂದುಕೊಂಡಿದ್ದಾರಾ?

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ದೇವರಾಜ ಮಾರುಕಟ್ಟೆಯ ಹತ್ತಿರ ಹೂ ಮಾರುವ ಅಜ್ಜಿಯನ್ನು ಆರಿಸಿಕೊಂಡಳು. ಅವಳ ಪ್ರಶ್ನೆ ಇಷ್ಟೇ: ಮಧ್ಯಾಹ್ನ ಎರಡು ಗಂಟೆಗೆ ಮಲ್ಲಿಗೆ ಬಾಡುತ್ತದೆ, ಬುಟ್ಟಿಯಲ್ಲಿ ಏನಾದರೂ ಮಾಡಬಹುದಾ? ಈ ಅಳತೆಯ ಪ್ರಶ್ನೆ ಸಾಕು.

ಹೆಜ್ಜೆ 3: ನೋಡುವುದು

ಐದು ದಿನ ಅಲ್ಲೇ ಹೋಗಿ ಕೂತು ಬರೆಯಿರಿ, ಬೇರೆ ಬೇರೆ ಹೊತ್ತಿನಲ್ಲಿ. ಕೇಳದೆ ಯಾರ ಫೋಟೊನೂ ತೆಗೆಯಬೇಡಿ. ಮೊದಲು ಒಂದು ಮೊಳ ಹೂ ಕೊಳ್ಳಿ, ಆಮೇಲೆ ಮಾತು.

ಹೆಜ್ಜೆ 4: ಮಾಡುವುದು, ಕೆಡಿಸುವುದು, ಇಟ್ಟುಕೊಳ್ಳುವುದು

ಎಲ್ಲರೂ ಎಡವುವುದು ಇಲ್ಲೇ. ಮಾಡುವುದು ಅಷ್ಟು ಕಷ್ಟವಿಲ್ಲ. ಮಾಡಿ ಕೆಟ್ಟದ್ದನ್ನು ಇಟ್ಟುಕೊಳ್ಳುವುದಕ್ಕೆ ನಾಚಿಕೆ.

ಹೂವಿನ ಹುಡುಗಿಯ ಕತೆಯನ್ನೇ ನೋಡಿ. ಮೊದಲ ಬುಟ್ಟಿಯನ್ನು ರಟ್ಟಿನಲ್ಲಿ ಮಾಡಿದಳು. ಅಜ್ಜಿ ಎಂದಿನಂತೆ ಹೂವಿಗೆ ನೀರು ಚಿಮುಕಿಸಿದರು, ಮಧ್ಯಾಹ್ನಕ್ಕೆ ತಳ ಕಳಚಿತು. ಎರಡನೆಯದು ಪ್ಲಾಸ್ಟಿಕ್ ಕ್ರೇಟು, ಸುತ್ತ ಒದ್ದೆ ಬಟ್ಟೆ. ಭಾರ ಜಾಸ್ತಿ, ನೀರೆಲ್ಲ ಅಜ್ಜಿಯ ಸೀರೆಗೆ. ಮೂರನೆಯದಕ್ಕೆ ಒದ್ದೆ ಗೋಣಿಯ ಮುಚ್ಚಳ ಮಾಡಿದಳು. ನೀರು ಆರುವಾಗ ಶಾಖ ಎಳೆದುಕೊಳ್ಳುತ್ತದೆ, ಮಡಕೆಯ ನೀರು ತಣ್ಣಗಿರುವ ಹಾಗೆ ಹೂವೂ ತಣ್ಣಗಿರುತ್ತದೆ ಅನ್ನೋದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಹೂ ಬಾಡಲಿಲ್ಲ. ಆದರೆ ಅಜ್ಜಿ ಮುಚ್ಚಳ ತೆಗೆದು ಪಕ್ಕಕ್ಕಿಟ್ಟರು. ‘ಮುಚ್ಚಿಟ್ರೆ ಯಾರ ಕಣ್ಣಿಗೆ ಬೀಳುತ್ತವ್ವ? ಘಮ ಹೊರಗೆ ಬಂದ್ರೆ ತಾನೆ ಜನ ನಿಲ್ಲೋದು?’

ಹುಡುಗಿ ಅಳುತ್ತಾ ಬಂದು ಮೂರನೇ ಮಾದರಿಯನ್ನು ಮುರಿಯಲು ಕೂತಳು. ಕೈಯಿಂದ ಕಿತ್ತುಕೊಂಡೆ. ನಾಲ್ಕನೆಯದು ಚೆನ್ನಾಗಿ ಬಂತು: ಒಂದೇ ಕಡೆ ಓರೆಯಾದ ನೆರಳು, ಹೂವಿನ ಕೆಳಗೆ ಗೋಣಿ. ಆದರೆ ಆಮೇಲೆ ಸಂದರ್ಶನದಲ್ಲಿ ಕಾಲೇಜಿನವರು ಹತ್ತು ನಿಮಿಷ ಕೇಳಿದ್ದೆಲ್ಲ ಮೂರನೆಯದರ ಬಗ್ಗೆಯೇ.

ಹಾಗಾಗಿ ಮಾದರಿ ಮಾಡುವ ಈ ಎರಡು ವಾರ ಹೀಗೆ ಮಾಡಿ. ರಬ್ಬರ್ ಬಳಸಬೇಡಿ. ತಪ್ಪಿದರೆ ಪಕ್ಕದಲ್ಲಿ ಇನ್ನೊಂದು ಬರೆಯಿರಿ. ಪ್ರತಿ ಹಾಳೆಯ ಬಲ ಮೂಲೆಯಲ್ಲಿ ತಾರೀಕು ಹಾಕಿ. ಮಾದರಿಯ ತಳದಲ್ಲಿ ನಂಬರ್ ಬರೆದು ಒಂದು ಸಾಲು ಸೇರಿಸಿ: ‘ತಳ ಕಳಚಿತು’, ‘ಭಾರ’, ‘ಅಜ್ಜಿ ಒಪ್ಪಲಿಲ್ಲ’. ಅಷ್ಟೇ ಸಾಕು, ಪ್ರಬಂಧ ಬೇಡ. ಬಟ್ಟೆ, ಗೋಣಿ, ಬಾಳೆನಾರಿನ ಚೂರು ಇದ್ದರೆ ಸ್ಕೆಚ್‌ಬುಕ್ಕಿಗೆ ಅಂಟಿಸಿ. ಸಂಜೆ ಎದ್ದು ಹೋಗುವ ಮುನ್ನ ಆ ದಿನದ ಕೆಲಸವನ್ನೆಲ್ಲ ಮೇಜಿನ ಮೇಲೆ ಹರಡಿ ಒಂದು ಫೋಟೊ. ಐದು ನಿಮಿಷದ ಕೆಲಸ. ಯಾರೂ ಮಾಡುವುದಿಲ್ಲ, ಅಲ್ವಾ?

ಇಲ್ಲೊಂದು ಅಡ್ಡದಾರಿ ಇದೆ, ಮಕ್ಕಳು ಪರಸ್ಪರ ಹೇಳಿಕೊಡುತ್ತಾರೆ. ಕೊನೆಯ ವಸ್ತು ಮುಗಿದ ಮೇಲೆ, ಒಂದೇ ರಾತ್ರಿ ಕೂತು ‘ಹಳೆಯ’ ಸ್ಕೆಚ್ಚುಗಳನ್ನು ಬರೆಯುವುದು. ಅದು ತಕ್ಷಣ ಗೊತ್ತಾಗುತ್ತದೆ. ಎಲ್ಲ ಹಾಳೆಗೂ ಒಂದೇ ಪೆನ್ನು, ಒಂದೇ ಒತ್ತು. ಎಲ್ಲೂ ಒಂದು ಮಡಿಕೆಯಿಲ್ಲ, ಕಲೆಯಿಲ್ಲ, ಯಾರದೋ ಫೋನ್ ನಂಬರ್ ಗೀಚಿಲ್ಲ. ಎಐ ಹತ್ತಿರ ಚಿತ್ರ ಮಾಡಿಸಿ ತರುವವರದೂ ಅದೇ ಕತೆ. ‘ಈ ಹಿಡಿ ಯಾಕೆ ಇಷ್ಟು ದಪ್ಪ?’ ಅಂತ ಕೇಳಿದರೆ ಉತ್ತರವಿಲ್ಲ.

ಹೆಜ್ಜೆ 5: ಫೋಟೊ

ಒಳ್ಳೆಯ ಕೆಲಸವನ್ನು ಕೆಟ್ಟ ಫೋಟೊ ಕೊಲ್ಲುತ್ತದೆ. ದುಬಾರಿ ಕ್ಯಾಮೆರಾ ಬೇಡ. ಮೊದಲು ಫೋನಿನ ಲೆನ್ಸ್ ಒರೆಸಿ. ತಮಾಷೆಯಲ್ಲ, ಕೊಬ್ಬರಿ ಎಣ್ಣೆಯ ಬೆರಳಚ್ಚು ಇದ್ದೇ ಇರುತ್ತದೆ.

ಬೆಳಿಗ್ಗೆ ಹತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲವಾದರೆ ಹಾಳೆಯ ಅರ್ಧ ನೀಲಿ, ಅರ್ಧ ಹಳದಿ ಕಾಣುತ್ತದೆ. ಕಿಟಕಿಯ ಎದುರು ಬದಿಯಲ್ಲಿ ಒಂದು ಥರ್ಮೋಕೋಲ್ ಹಲಗೆ ನಿಲ್ಲಿಸಿ. ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ನೆರಳನ್ನು ತಿಳಿಯಾಗಿಸುತ್ತದೆ. ಫ್ಲ್ಯಾಶ್ ಬೇಡವೇ ಬೇಡ, ಪೆನ್ಸಿಲ್ ಗೆರೆ ಹೊಳೆದು ಮಾಯವಾಗುತ್ತದೆ.

ಹಾಳೆಯ ಮೇಲೆ ಬಗ್ಗಿ ಹತ್ತಿರದಿಂದ ತೆಗೆಯುವುದು ಎಲ್ಲರ ತಪ್ಪು. ಹಾಗೆ ತೆಗೆದರೆ ಚೌಕ ಸೊಟ್ಟಗಾಗುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ನಿಂತು, 2 ಪಟ್ಟು ಜೂಮ್ ಮಾಡಿ. ಗ್ರಿಡ್ ಗೆರೆ ಆನ್ ಮಾಡಿಕೊಂಡು ಹಾಳೆಯ ಅಂಚಿಗೆ ಹೊಂದಿಸಿ. ಬಿಳಿ ಹಾಳೆ ಕಂಡರೆ ಫೋನು ಅದನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಫೋನಿನ ಪರದೆಯಲ್ಲಿ ಹಾಳೆಯ ಮೇಲೆ ಒತ್ತಿ ಬೆಳಕನ್ನು ಸ್ವಲ್ಪ ಏರಿಸಿ.

ಸ್ಕ್ಯಾನ್ ಆ್ಯಪ್‌ಗಳನ್ನು ನಾನು ನಂಬುವುದಿಲ್ಲ. ಅವು ಆಧಾರ್ ಕಾರ್ಡಿಗೆ, ಮಾರ್ಕ್ಸ್ ಕಾರ್ಡಿಗೆ ಸರಿ. ಪೆನ್ಸಿಲ್ಲಿನ ತೆಳು ಛಾಯೆಯನ್ನು ಕೊಳೆ ಅಂದುಕೊಂಡು ಒರೆಸಿ ಹಾಕುತ್ತವೆ. ನಿಜವಾದ ಸ್ಕ್ಯಾನರ್ ಸಿಕ್ಕರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಇಡಿ. ಎ4 ಹಾಳೆಗೆ 2480×3508 ಪಿಕ್ಸೆಲ್ ಬರುತ್ತದೆ, ಧಾರಾಳ ಸಾಕು.

ಮಾದರಿಗಳಿಗೆ ಚಾರ್ಟ್ ಪೇಪರನ್ನು ಗೋಡೆಯಿಂದ ಮೇಜಿನವರೆಗೆ ಮಡಿಕೆ ಬೀಳದಂತೆ ಇಳಿಬಿಡಿ. ಮೂರು ಫೋಟೊ ತೆಗೆಯಿರಿ: ಇಡೀ ವಸ್ತು, ಯಾರದಾದರೂ ಕೈಯಲ್ಲಿ, ಜೋಡಣೆಯ ಜಾಗ ಹತ್ತಿರದಿಂದ. ಕೈ ಇಲ್ಲದಿದ್ದರೆ ಬುಟ್ಟಿ ಲೋಟದಷ್ಟಿದೆಯೋ ಹಂಡೆಯಷ್ಟಿದೆಯೋ ತಿಳಿಯುವುದಿಲ್ಲ. ಫೋಟೊಗಳನ್ನು ಕಂಪ್ಯೂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಅಂತ ಕಳಿಸಿ. ಸುಮ್ನೆ ಫೋಟೊ ಅಂತ ಕಳಿಸಿದರೆ ಕುಗ್ಗಿಸಿ ಹಾಳು ಮಾಡುತ್ತದೆ.

ಹೆಜ್ಜೆ 6: ಪುಟ ಜೋಡಿಸುವುದು

ಅಡ್ಡ ಎ4, ಬಿಳಿ ಹಿನ್ನೆಲೆ, ಒಂದೇ ಫಾಂಟ್, ಒಂದು ಪ್ರಾಜೆಕ್ಟಿಗೆ ಎಂಟರಿಂದ ಹತ್ತು ಪುಟ. ಹೂವಿನ ಚೌಕಟ್ಟು, ನೆರಳಿನ ಅಕ್ಷರ, ‘ನನ್ನ ಬಗ್ಗೆ’ ಪುಟದಲ್ಲಿ ಸೂರ್ಯಾಸ್ತ, ಇವು ಯಾವುದೂ ಬೇಡ. ಪುಟದ ಸಾಲುಗಳನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಬೇಕಿದ್ದರೆ ಇಂಗ್ಲಿಷಿಗೆ ತನ್ನಿ. ನೇರ ಇಂಗ್ಲಿಷಿನಲ್ಲಿ ಬರೆದವರ ಫೈಲಿನಲ್ಲೆಲ್ಲ ‘ಇನ್ನೋವೇಟಿವ್’, ‘ಸಸ್ಟೇನಬಲ್’ ಬಿಟ್ಟರೆ ಏನೂ ಇರುವುದಿಲ್ಲ. ಕನ್ನಡದಲ್ಲಿ ಬರೆದ ಆ ಹುಡುಗಿ ‘ಅಜ್ಜಿಗೆ ಮುಚ್ಚಳ ಬೇಡವಾಯಿತು’ ಅಂತ ಬರೆದಿದ್ದಳು. ಕನ್ನಡ ಪಠ್ಯ ಯೂನಿಕೋಡ್‌ನಲ್ಲೇ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಇರಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಚಿತ್ರವಿಚಿತ್ರ ಗುರುತುಗಳಾಗಿ ಕಾಣುತ್ತದೆ.

ಕಾಲೇಜು ಹೇಳಿದ ಅಳತೆಗೆ ಪಿಡಿಎಫ್ ಕುಗ್ಗಿಸಿ, ಆಮೇಲೆ ಒಮ್ಮೆ ಫೋನಿನಲ್ಲಿ ತೆರೆದು ನೋಡಿ. ಫೈಲಿಗೆ ‘ಫೈನಲ್ ಫೈನಲ್ 2’ ಅಂತ ಹೆಸರಿಡಬೇಡಿ, ನಿಮ್ಮ ಹೆಸರು ಮತ್ತು ವರ್ಷ ಇರಲಿ.

ಹೆಜ್ಜೆ 7: ತೋರಿಸುವುದು

ಅಪ್ಪ ಅಮ್ಮನಿಗೆ ತೋರಿಸಿ ಪ್ರಯೋಜನವಿಲ್ಲ, ಅವರು ಚೆನ್ನಾಗಿದೆ ಅನ್ನುತ್ತಾರೆ. ಯಾರಿಗಾಗಿ ಮಾಡಿದಿರೋ ಅವರ ಹತ್ತಿರ ಪ್ರಿಂಟ್ ತೆಗೆದುಕೊಂಡು ಹೋಗಿ. ಹೂವಿನ ಅಜ್ಜಿ ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಬುಟ್ಟಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊಳ ಹಾಕುವ ಚಿತ್ರದ ಮೇಲೆ ಬೆರಳಿಟ್ಟು, ‘ಹೂವು ಮೊಣಕೈಯಿಂದ ಹಿಡೀತೀವಿ, ನೀನು ಮಣಿಕಟ್ಟಿಂದ ಬರ್ದಿದೀಯ. ಹಿಂಗೆ ಕೊಟ್ರೆ ಗಿರಾಕಿ ಜಗಳಕ್ಕೆ ಬರ್ತಾರೆ’ ಅಂದರು. ಅರ್ಜಿ ಕಳಿಸಲು ಇನ್ನೂ ನಾಲ್ಕು ದಿನ ಇತ್ತು, ಪುಟ ತಿದ್ದಲು ಸಮಯ ಸಿಕ್ಕಿತು. ನೀವು ಒಂದು ವಾರವನ್ನೇ ಬಿಟ್ಟುಕೊಳ್ಳಿ.