ಶುಕ್ರವಾರದಿಂದ ಗುರುವಾರ: ಹುಡುಗರ ಬ್ಯಾಂಡಿನ ಹಾಡನ್ನು ಚಾರ್ಟಿಗೆ ಒಯ್ಯುವುದು ಹೇಗೆ

ದಕ್ಷಿಣ ಕೊರಿಯಾದ ಬ್ಯಾಂಡ್ ಬಿಟಿಎಸ್ ಹುಡುಗರ ‘ಡೈನಮೈಟ್’ ಹಾಡು ಬಿಡುಗಡೆಯಾದದ್ದು 2020ರ ಆಗಸ್ಟ್ 21, ಶುಕ್ರವಾರ. ಅಮೆರಿಕದ ಜನಪ್ರಿಯ ಹಾಡುಗಳ ವಾರದ ಚಾರ್ಟ್ ಆದ ಬಿಲ್‌ಬೋರ್ಡ್ ಹಾಟ್ 100ರ ಸೆಪ್ಟೆಂಬರ್ 5ರ ದಿನಾಂಕದ ಪಟ್ಟಿಯಲ್ಲಿ ಅದು ನೇರವಾಗಿ ಮೊದಲ ಸ್ಥಾನಕ್ಕೇ ಬಂದಿತು. ಲೆಕ್ಕಕ್ಕೆ ಹಿಡಿದದ್ದು ಶುಕ್ರವಾರದಿಂದ ಗುರುವಾರದವರೆಗಿನ ಏಳೇ ದಿನ: ಅಮೆರಿಕದಲ್ಲಿ 3.39 ಕೋಟಿ ಸ್ಟ್ರೀಮ್ (ನೆಟ್ಟಿನಲ್ಲಿ ನುಡಿಸಿ ಕೇಳಿದ ಎಣಿಕೆ), 3 ಲಕ್ಷ ಮಾರಾಟ. ರೇಡಿಯೊ ಪಾಲು ಸಣ್ಣದು. ಡೌನ್‌ಲೋಡ್ ಬೆಲೆ ಬರೀ 69 ಸೆಂಟ್. ಅದೇ ವಾರ ಬಂದ ರೀಮಿಕ್ಸ್‌ಗಳೂ ಹಾಡಿನ ಕೈಹಿಡಿದವು.

ಕಲಬುರಗಿಯಲ್ಲೋ ಬೀದರಿನಲ್ಲೋ ಐದು ಜನ ಸೇರಿ ಹಾಡು ಮಾಡುವವರಿಗೆ ಹಾಟ್ 100 ದೂರದ ಮಾತು. ಆದರೆ ವಾರದ ಪಟ್ಟಿ ಯಾವುದೇ ಇರಲಿ, ಲೆಕ್ಕದ ರೀತಿ ಇದೇ. ವರ್ಷವಿಡೀ ಹನಿಹನಿಯಾಗಿ ಬಿದ್ದ ಕೇಳುಗರು ಪಟ್ಟಿಗೆ ಕಾಣುವುದಿಲ್ಲ, ಒಂದೇ ವಾರದಲ್ಲಿ ಬಂದವರು ಕಾಣುತ್ತಾರೆ. ಹಾಗಾಗಿ ಮೊದಲು ಬಿಡುಗಡೆಯ ಶುಕ್ರವಾರ ಗೊತ್ತುಮಾಡಿ, ಉಳಿದ ಕೆಲಸವನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸಿ. ಫೆಬ್ರುವರಿ-ಮಾರ್ಚ್ ಬೇಡ. ನಿಮ್ಮ ಕೇಳುಗರೆಲ್ಲ ಪರೀಕ್ಷೆಯ ಗದ್ದಲದಲ್ಲಿರುತ್ತಾರೆ.

ರೆಕಾರ್ಡಿಂಗ್

ನಮ್ಮ ಕಡೆಯ ಮನೆಗಳಲ್ಲಿ ನೆಲಕ್ಕೆ ಶಹಾಬಾದಿ ಫರ್ಸಿ, ಗೋಡೆಗೆ ನುಣ್ಣನೆಯ ಗಿಲಾವು. ದನಿ ಎರಡಕ್ಕೂ ಬಡಿದು ಮರಳಿ ಮೈಕಿಗೆ ಬರುತ್ತದೆ, ಮಿಕ್ಸಿಂಗ್‌ನಲ್ಲಿ ಎಷ್ಟು ತಿಣುಕಿದರೂ ಆ ಗುಂಯ್ ಪೂರ್ತಿ ಹೋಗುವುದಿಲ್ಲ. ಇದಕ್ಕೆ ಮದ್ದು ಮನೆಯಲ್ಲೇ ಇದೆ: ಕೌದಿ. ಮೈಕು ಹಾಡುವವನ ಕಡೆಗೆ ಮುಖ ಮಾಡಿರುವುದರಿಂದ ಅವನ ಬೆನ್ನ ಹಿಂದಿನ ಗೋಡೆಯೇ ಹೆಚ್ಚು ಕಾಡುತ್ತದೆ. ಅಲ್ಲಿ ಎರಡು ಪದರ ತೂಗುಬಿಡಿ, ಗೋಡೆಗೆ ಅಂಟದೆ ಒಂದು ಗೇಣು ಮುಂದಿರಲಿ. ಎಡಬಲಕ್ಕೆ ಒಂದೊಂದು ಸಾಕು, ಕಾಲಡಿ ಜಮಖಾನ. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು, ಮಧ್ಯೆ ಉಸಿರಿನ ಬಡಿತ ತಡೆಯುವ ಜಾಲರಿ, ಅಂದರೆ ಪಾಪ್ ಫಿಲ್ಟರ್. ಕೂಲರ್, ಫ್ಯಾನ್ ಎರಡೂ ಬಂದ್. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಇದು ಹಗಲು ಆಗದ ಕೆಲಸ, ರಾತ್ರಿ 11ರ ಮೇಲೆ ಕೂಡಿ. ಲ್ಯಾಪ್‌ಟಾಪ್ ಬ್ಯಾಟರಿ ತುಂಬಿರಲಿ, ಕರೆಂಟ್ ಹೇಳಿ ಹೋಗುವುದಿಲ್ಲ.

ಐವರನ್ನೂ ಒಂದೇ ಮೈಕಿನ ಸುತ್ತ ನಿಲ್ಲಿಸಬೇಡಿ. ಒಬ್ಬೊಬ್ಬರೇ ಹೆಡ್‌ಫೋನಿನಲ್ಲಿ ಕ್ಲಿಕ್ (ಲಯ ಹಿಡಿಯುವ ಟಿಕ್‌ಟಿಕ್ ಸದ್ದು) ಕೇಳುತ್ತ ಹಾಡಲಿ. ಮೊದಲು ಮುಖ್ಯ ಗಾಯಕ. ಆಮೇಲೆ ಪಲ್ಲವಿಯನ್ನು ಪ್ರತಿಯೊಬ್ಬರೂ ಎರಡು ಸಲ, ಒಂದು ಎಡಕ್ಕೆ, ಒಂದು ಬಲಕ್ಕೆ. ಹತ್ತು ಟ್ರ್ಯಾಕ್ ಆಯಿತು. ಕನ್ನಡದಲ್ಲಿ ತೊಡಕು ಬರುವುದು ಒತ್ತಕ್ಷರದಲ್ಲಿ. ‘ಹೊತ್ತು’, ‘ಬಿಟ್ಟು’ ಅನ್ನುವಾಗ ದನಿ ಅರೆಗಳಿಗೆ ಕಟ್ಟಿ ಆಮೇಲೆ ಒಡೆಯುತ್ತದೆ. ಹತ್ತು ಟ್ರ್ಯಾಕಿನಲ್ಲಿ ಹತ್ತು ಹೊತ್ತಿಗೆ ಒಡೆದರೆ ಪಲ್ಲವಿ ಪಟಪಟ ಸಿಡಿದ ಹಾಗೆ ಕೇಳುತ್ತದೆ. ಮುಖ್ಯ ಗಾಯಕನ ಒತ್ತನ್ನು ಗೆರೆಯಾಗಿ ಇಟ್ಟುಕೊಂಡು ಉಳಿದವನ್ನು ಎಡಿಟ್‌ನಲ್ಲಿ ಅದಕ್ಕೆ ಕೂಡಿಸಿ. ‘ಸ’, ‘ಶ’, ‘ಚ’ ಸದ್ದು ಅವನೊಬ್ಬನದೇ ಇರಲಿ, ಉಳಿದವರದನ್ನು ತಗ್ಗಿಸಿ. ಇನ್ನೊಂದು: ಒಬ್ಬ ‘ಮನಿ’, ಇನ್ನೊಬ್ಬ ‘ಮನೆ’ ಅಂದರೆ ಶ್ರುತಿ ಸರಿಯಿದ್ದರೂ ದನಿ ಬೆರೆಯುವುದಿಲ್ಲ. ಕಲಬುರಗಿ ಮಾತೇ ಹಾಡಬೇಕೆಂದರೆ ಐವರೂ ಅದನ್ನೇ ಹಾಡಲಿ. ಅದರ ಖದರೇ ಬೇರೆ, ಬೆಂಗಳೂರಿನ ಕನ್ನಡಕ್ಕೆ ಜೋತುಬೀಳುವ ಅಗತ್ಯವಿಲ್ಲ.

ಹಾಡು ಕೇಳುವ ಆ್ಯಪ್ ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್. ಉದ್ದನೆಯ ಆಲಾಪ ವೇದಿಕೆಗೆ ಚಂದ. ಇಲ್ಲಿ ಪಲ್ಲವಿಯ ಒಂದು ಸಾಲಾದರೂ 25 ಸೆಕೆಂಡಿನೊಳಗೆ ಕಿವಿಗೆ ಬೀಳಬೇಕು.

ಮಿಕ್ಸಾದ ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ವೇಳೆ ಡಿಜೆ ಬಾಕ್ಸಿಗೆ ಹೊಂದುವಷ್ಟು ಜೋರು ಮಾಡುವ ಚಟ ಬಿಡಿ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡನ್ನೂ −14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತಂದೇ ನುಡಿಸುತ್ತದೆ, ಹಿಚುಕಿ ಜೋರು ಮಾಡಿದ್ದು ಬರೀ ಚಪ್ಪಟೆಯಾಗಿ ಕೇಳುತ್ತದೆ. ಪೀಕ್ −1 ಡೆಸಿಬಲ್ ದಾಟದಿರಲಿ. ಫೈಲ್ 44.1 ಕಿಲೋಹರ್ಟ್ಸ್, 24 ಬಿಟ್ ವೇವ್.

ಹಕ್ಕು, ಅಪ್‌ಲೋಡ್

ಬಸವಣ್ಣನವರ ವಚನದ ಸಾಲು ಯಾರ ಆಸ್ತಿಯೂ ಅಲ್ಲ, ಧಾರಾಳವಾಗಿ ಹಾಡಿ. ಆದರೆ ಕ್ಯಾಸೆಟ್ಟಿನಲ್ಲಿ ಕೇಳಿದ ಅದರ ಧಾಟಿಗೆ ಮಾಲೀಕರಿರಬಹುದು. ಸಂಗೀತ ಸಂಯೋಜಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ನೆಟ್ಟಿನಲ್ಲಿ ಸಿಗುವ ‘ಉಚಿತ ಬೀಟ್’ ಇನ್ನೂ ಅಪಾಯ. ಅದೇ ಬೀಟ್ ಬಳಸಿ ಮೊದಲೇ ನೋಂದಾಯಿಸಿದವನ ಹೆಸರಿನಲ್ಲಿ ಯೂಟ್ಯೂಬಿನ ಕಾಂಟೆಂಟ್ ಐಡಿ (ಒಂದೇ ಆಡಿಯೊ ಮತ್ತೆ ಬಂದರೆ ಗುರುತಿಸುವ ವ್ಯವಸ್ಥೆ) ನಿಮ್ಮ ಹಾಡಿನ ಮೇಲೆ ಹಕ್ಕು ಹೂಡುತ್ತದೆ.

ಸ್ಪಾಟಿಫೈಯಂಥ ಆ್ಯಪ್‌ಗಳಿಗೆ ಹಾಡು ತಲುಪಿಸುವ ವಿತರಕರಿಗೆ ಹಾಡನ್ನು ನಾಲ್ಕು ವಾರ ಮೊದಲೇ ಕೊಡಿ. ಮುಖಚಿತ್ರ 3000 × 3000 ಪಿಕ್ಸೆಲ್, ಅದರ ಮೇಲೆ ಫೋನ್ ನಂಬರು, ಇನ್‌ಸ್ಟಾಗ್ರಾಂ ಹೆಸರು ಹಾಕಿದರೆ ವಾಪಸ್ ಬರುತ್ತದೆ. ಭಾಷೆ ಎಂಬಲ್ಲಿ ಕನ್ನಡವನ್ನೇ ಆರಿಸಿ. ಬ್ಯಾಂಡಿನ ಹೆಸರಿನ ಕಾಗುಣಿತ ಎಲ್ಲ ಕಡೆ ಒಂದೇ ಇರಲಿ, ಒಂದಕ್ಷರ ತಪ್ಪಿದರೂ ಎರಡು ಪ್ರೊಫೈಲ್ ಹುಟ್ಟಿ ಕೇಳುಗರು ಹಂಚಿಹೋಗುತ್ತಾರೆ. ವಿತರಕರು ಕೊಡುವ 12 ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆಯನ್ನು (ಧ್ವನಿಮುದ್ರಣದ ಗುರುತಿನ ಸಂಖ್ಯೆ) ಬರೆದಿಡಿ. ಮುಂದೆ ವಿತರಕರನ್ನು ಬದಲಿಸಿದಾಗ ಅದೇ ಸಂಖ್ಯೆ ಕೊಡದಿದ್ದರೆ ಹಳೆಯ ಎಣಿಕೆ ಕೈತಪ್ಪಬಹುದು.

ಹಾಡು ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ (ಕಲಾವಿದರಿಗೆಂದೇ ಇರುವ ಸ್ಪಾಟಿಫೈ ಪುಟ) ಕಾಣಿಸಿದ ಕೂಡಲೇ ಪ್ಲೇಲಿಸ್ಟ್ ಆರಿಸುವ ಅಲ್ಲಿನ ಸಂಪಾದಕರಿಗೆ ಪಿಚ್ ಮಾಡಿ, ಅಂದರೆ ಹಾಡನ್ನು ಸೇರಿಸಿಕೊಳ್ಳಿ ಎಂದು ಕೋರಿ, ತಡವೆಂದರೆ ಬಿಡುಗಡೆಗೆ 7 ದಿನ ಮೊದಲು. ಆಗ ನಿಮ್ಮನ್ನು ಫಾಲೋ ಮಾಡುವವರಿಗೆ ಹೊಸ ಹಾಡು ತೋರಿಸುವ ರಿಲೀಸ್ ರಾಡಾರ್ ಪ್ಲೇಲಿಸ್ಟಿಗಾದರೂ ಹಾಡು ಹೋಗುತ್ತದೆ. ಹೊರಬಂದ ಹಾಡನ್ನು ಪಿಚ್ ಮಾಡಲು ಬರುವುದಿಲ್ಲ.

ವಿಡಿಯೊಗೆ ಬೀದರ್ ಕೋಟೆಯೋ ಕಲಬುರಗಿ ಕೋಟೆಯೋ ಬೇಕೆಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಗೆ ಮುಂಚೆಯೇ ಅರ್ಜಿ ಹಾಕಿ. ಟ್ರೈಪಾಡ್ ಇಟ್ಟಮೇಲೆ ಕಾವಲುಗಾರರ ಜೊತೆ ವಾದಿಸಿ ಫಲವಿಲ್ಲ.

ಆ ಏಳು ದಿನ

ಅತಿ ಹೆಚ್ಚು ನಷ್ಟ ಮಾಡುವುದು ವಾಟ್ಸ್‌ಆ್ಯಪ್. ‘ನಮ್ಮ ಹಾಡು ಕೇಳ್ರಿ’ ಅಂತ ಎಂಪಿ3 ಫೈಲನ್ನೇ ಗ್ರೂಪಿಗೆ ಬಿಟ್ಟರೆ ಊರೆಲ್ಲ ಕೇಳುತ್ತದೆ, ಲೆಕ್ಕಕ್ಕೆ ಒಂದೂ ಬೀಳುವುದಿಲ್ಲ. ಫೈಲ್ ಬೇಡ, ಲಿಂಕ್ ಕಳಿಸಿ. ಆಟೋದವರಿಗೆ, ಡಿಜೆಗಳಿಗೆ ಪೆನ್‌ಡ್ರೈವ್ ಕೊಡುವುದು ಎರಡನೇ ವಾರದ ಕೆಲಸ. ರೀಲ್ಸ್‌ಗೆ ವಿತರಕರ ಮೂಲಕ ಹೋದ ಆಡಿಯೊವನ್ನೇ ಬಳಸಿ, ಇಲ್ಲದಿದ್ದರೆ ರೀಲ್ ಓಡಿದರೂ ನೋಡಿದವರಿಗೆ ಹಾಡಿನ ದಾರಿ ಸಿಗುವುದಿಲ್ಲ.

ದುಡ್ಡು ಕೊಟ್ಟರೆ ಲಕ್ಷ ಸ್ಟ್ರೀಮ್ ತರುತ್ತೇವೆ ಅನ್ನುವವರು ಬರುತ್ತಾರೆ. ನಕಲಿ ಎಂದು ಕಂಡದ್ದನ್ನು ಸ್ಪಾಟಿಫೈ ಎಣಿಕೆಯಿಂದ ತೆಗೆಯುತ್ತದೆ, ಮಿತಿಮೀರಿದರೆ ವಿತರಕರಿಗೆ ದಂಡ ಹಾಕುತ್ತದೆ. ಆಗ ವಿತರಕರು ಹಾಡನ್ನೇ ಕಿತ್ತುಹಾಕಬಹುದು. ಜಾಹೀರಾತೂ ಚಾರ್ಟಿನ ದಾರಿಯಲ್ಲ: 2019ರಲ್ಲಿ ರ್‍ಯಾಪರ್ ಬಾದ್‌ಶಾ ಅವರ ‘ಪಾಗಲ್’ ಒಂದೇ ದಿನದಲ್ಲಿ 7.5 ಕೋಟಿ ವೀಕ್ಷಣೆ ಪಡೆದ ಸುದ್ದಿ ಬಂದಮೇಲೆ, ಆ ಸೆಪ್ಟೆಂಬರಿನಲ್ಲೇ ಯೂಟ್ಯೂಬ್ ಜಾಹೀರಾತಿನ ವೀಕ್ಷಣೆಗಳನ್ನು ತನ್ನ ಮ್ಯೂಸಿಕ್ ಚಾರ್ಟಿನಿಂದ ಹೊರಗಿಟ್ಟಿತು.

ಹಾಡು ಕೊಳ್ಳುವ ಆ್ಯಪಲ್‌ನ ಐಟ್ಯೂನ್ಸ್ ಅಂಗಡಿಯ ಕನ್ನಡ ವಿಭಾಗದಲ್ಲಿ ‘ನಂ. 1’ ಆದ ಸ್ಕ್ರೀನ್‌ಶಾಟ್ ಹಂಚಲು ಅಡ್ಡಿಯಿಲ್ಲ. ಅಲ್ಲಿ ಕೊಳ್ಳುವವರು ಕಡಿಮೆ, ಪಟ್ಟಿ ದಿನಕ್ಕೆ ಹಲವು ಸಲ ಬದಲಾಗುತ್ತದೆ ಎಂಬುದು ಮಾತ್ರ ನಿಮಗೆ ಗೊತ್ತಿರಲಿ.

ಹಣದ ವಿಷಯ ಚುಟುಕು. ವಿತರಕರಿಂದ ಬರುವುದು ಧ್ವನಿಮುದ್ರಣದ ಪಾಲು, ತಿಂಗಳುಗಟ್ಟಲೆ ತಡವಾಗಿ. ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈ ಆ ಪಾಲನ್ನೂ ಕೊಡುವುದಿಲ್ಲ. ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ಪಾಲಿಗೆ ಐಪಿಆರ್‌ಎಸ್ (ಬರೆದವರ, ರಾಗ ಹಾಕಿದವರ ಗೌರವಧನ ವಸೂಲು ಮಾಡುವ ಸಂಸ್ಥೆ) ಸದಸ್ಯರಾಗಿ ಹಾಡನ್ನು ಬೇರೆಯಾಗಿಯೇ ನೋಂದಾಯಿಸಬೇಕು. ಯಾರಿಗೆ ಶೇಕಡಾ ಎಷ್ಟು ಎಂಬುದನ್ನು ಬಿಡುಗಡೆಗೆ ಮೊದಲೇ ಕಾಗದದ ಮೇಲೆ ಬರೆದು ಐವರೂ ಸಹಿ ಮಾಡಿ. ಕೂಡಿಸಿದರೆ 100 ಆಗುತ್ತದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ.