ಸುಮ್ಮನಿರದ ಕಾಲುಗಳು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹಾಲೊಪೆರಿಡಾಲ್ ಎಂಬ ಹಳೆಯ ಮನೋರೋಗದ ಔಷಧಿಯ ಮೇಲೆ ಎಲ್ಲಿಲ್ಲದ ನೆಚ್ಚಿಕೆ. ಇಲ್ಲದ ದನಿಗಳು ಕೇಳಿಸುವ ಸ್ಕಿಜೋಫ್ರೇನಿಯಾ ಕಾಯಿಲೆ ಉಲ್ಬಣಿಸಿ ವಾರ್ಡಿಗೆ ಬಂದವರಿಗೆಲ್ಲ ಅದನ್ನೇ ಬರೆಯುತ್ತಿದ್ದೆ. ಹಾಗೆ ಬಂದ ಯುವಕನೊಬ್ಬ ಐದನೆಯ ದಿನ ವಾರ್ಡಿನ ಉದ್ದಕ್ಕೂ ಶತಪಥ ಹಾಕತೊಡಗಿದ. ಕಾಯಿಲೆ ಕೆರಳಿದೆ ಎಂದುಕೊಂಡು ದಿನಕ್ಕೆ 10 ಮಿ.ಗ್ರಾಂ ಇದ್ದುದನ್ನು 15ಕ್ಕೆ ಏರಿಸಿದೆ. ಓಡಾಟ ಇನ್ನಷ್ಟು ಹೆಚ್ಚಿತು.

ರಾತ್ರಿ ಪಾಳಿಯ ನರ್ಸ್ ಹೇಳಿದರು: "ಡಾಕ್ಟರೇ, ಒಮ್ಮೆ ಕೂರಿಸಿ ಅವನ ಕಾಲು ನೋಡಿ." ಕೂರಿಸಿದೆ. ಹಿಮ್ಮಡಿ ಎತ್ತಿ ಇಳಿಸುತ್ತಿದ್ದ, ಎರಡೂ ಕೈಯಿಂದ ತೊಡೆ ಉಜ್ಜಿಕೊಳ್ಳುತ್ತಿದ್ದ. "ದನಿಗಳು ತಣ್ಣಗಾಗಿವೆ ಡಾಕ್ಟರೇ, ಕಾಲುಗಳೇ ಸುಮ್ಮನಿರುತ್ತಿಲ್ಲ" ಎಂದ. ಅಕಥೀಸಿಯಾ! ಔಷಧಿ ತಂದಿಟ್ಟ ಚಡಪಡಿಕೆಯನ್ನು ನಾನು ಕಾಯಿಲೆಯೆಂದು ಓದಿ, ಅದೇ ಔಷಧಿಯನ್ನು ಮೇಲೆ ಸುರಿದಿದ್ದೆ.

ಈ ಔಷಧಿಗಳು ಮಿದುಳಿನ ಡಿ2 ಗ್ರಾಹಕಗಳಲ್ಲಿ, ಅಂದರೆ ಡೋಪಮೈನ್ ಎಂಬ ರಾಸಾಯನಿಕ ಬಂದು ಕೂರುವ ತಾಣಗಳಲ್ಲಿ, ಸುಮಾರು ಶೇ 65ರಷ್ಟನ್ನು ತಡೆದರೆ ಗುಣ ಕಾಣುತ್ತದೆ. ಶೇ 80ರ ಹತ್ತಿರ ಹೋದರೆ ಸೆಟೆತ, ನಡುಕ, ಈ ಚಡಪಡಿಕೆ. ಹಾಲೊಪೆರಿಡಾಲ್‌ನಲ್ಲಿ ಇವೆರಡರ ನಡುವಿನ ಓಣಿ ಬಹಳ ಕಿರಿದು. ಇನ್ನೊಂದು ಔಷಧಿ ರಿಸ್ಪೆರಿಡೋನ್ ದಿನಕ್ಕೆ 4 ಮಿ.ಗ್ರಾಂವರೆಗೆ ಸಾಮಾನ್ಯವಾಗಿ ಸೌಮ್ಯ, 6 ದಾಟಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಮುಟ್ಟನ್ನು ಏರುಪೇರು ಮಾಡುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುವುದರಲ್ಲಂತೂ ಅದು ಮುಂದು. ಮುಟ್ಟು ನಿಂತಿದೆಯೇ ಎಂದು ನಾವೇ ಕೇಳಬೇಕು, ಸಂಕೋಚದಿಂದ ಯಾರೂ ತಾವಾಗಿ ಹೇಳುವುದಿಲ್ಲ. ಮತ್ತೊಂದು ಔಷಧಿ ಅರಿಪಿಪ್ರಜೋಲ್ ತೂಕದ ಮಟ್ಟಿಗೆ ಸಾಧು, ಕಾಲಿನ ಚಡಪಡಿಕೆಯ ಮಟ್ಟಿಗೆ ಅಲ್ಲ.

ಯುವಕನ ಔಷಧಿಯನ್ನು ಒಲಾಂಜಪೈನ್‌ಗೆ ಬದಲಿಸಿದೆ. 2005ರಲ್ಲಿ ಪ್ರಕಟವಾದ ಸ್ಕಿಜೋಫ್ರೇನಿಯಾ ಔಷಧಿಗಳನ್ನು ಹೋಲಿಸಿದ ಅಮೆರಿಕದ ಕೇಟೀ (CATIE) ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಜನ ಬಿಡದೆ ನುಂಗಿದ್ದು ಇದನ್ನೇ. ಆದರೂ ಶೇ 64ರಷ್ಟು ಮಂದಿ 18 ತಿಂಗಳೊಳಗೆ ಅದನ್ನೂ ಕೈಬಿಟ್ಟರು. ತೂಕ ಹೆಚ್ಚಿಸುವುದರಲ್ಲೂ ಅದೇ ಮೊದಲಿತ್ತು.

ತಕ್ಕ ಪ್ರಮಾಣದಲ್ಲಿ ಕೊಟ್ಟು ಎರಡು ವಾರವಾದರೂ ಚೂರೂ ಬದಲಾವಣೆ ಕಾಣದಿದ್ದರೆ ಈಗ ಸುಮ್ಮನೆ ಕಾಯುವುದಿಲ್ಲ. ಮಾತ್ರೆ ನಿಜವಾಗಿ ಹೊಟ್ಟೆಗೆ ಹೋಗುತ್ತಿದೆಯೇ, ಕೆನ್ನೆಯ ಸಂದಿಯಲ್ಲಿ ಉಳಿಯುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಎರಡು ಔಷಧಿಗಳು ಸರಿಯಾಗಿ ಸೋತಮೇಲೆ ಕ್ಲೊಜಪೈನ್. ಅದು ಬಿಳಿ ರಕ್ತಕಣ ಕುಗ್ಗಿಸಬಹುದೆಂದು ಮಾಡಿಸಬೇಕಾದ ರಕ್ತಪರೀಕ್ಷೆಯ ರಗಳೆಗೆ ಹೆದರಿ ಅದನ್ನು ವರ್ಷಗಟ್ಟಲೆ ಮುಂದೂಡುವುದು ನಮ್ಮವರ ಕೆಟ್ಟ ಚಾಳಿ. 1988ರ ಪ್ರಯೋಗದಲ್ಲಿ ಬೇರೆ ಔಷಧಿಗಳಿಗೆ ಬಗ್ಗದವರ ಪೈಕಿ ಕ್ಲೊಜಪೈನ್‌ನಿಂದ ಶೇ 30 ಮಂದಿ ಚೇತರಿಸಿಕೊಂಡರೆ, ಹಳೆಯ ಔಷಧಿ ಕ್ಲೋರ್‌ಪ್ರೊಮಜೈನ್‌ನಿಂದ ಶೇ 4.

ಯುವಕ ನಾಲ್ಕನೆಯ ವಾರ ಕುಳಿತೇ ಊಟ ಮುಗಿಸಿದ. ತೂಕ ಮೂರು ಕಿಲೋ ಏರಿತ್ತು. "ಇರಲಿ ಬಿಡಿ, ಕೂರಲಾದರೂ ಆಗುತ್ತಿದೆಯಲ್ಲ" ಎಂದ. ನಾನು ಸಕ್ಕರೆ ಪರೀಕ್ಷೆಗೆ ಚೀಟಿ ಬರೆದೆ.